ಸಾಹೇಬ್ರ ಕಳಿಸ್ಯಾರ್ರಿ

ಹಿಡಕಲ್ ಡ್ಯಾಮಿನ ಕಾಲನಿಯಲ್ಲಿ ಒಬ್ಬರ ಯೋಗ್ಯತೆ ಎಷ್ಟೆಂದು ತಿಳಿಯಲು ಅವರ ಮನೆ ಎಲ್ಲಿದೆ ಎಂದು ಕೇಳಿದರೆ ಸಾಕಿತ್ತು. ಗುಡ್ಡದ ಮೇಲಿನ ಬಂಗಲೆಗಳು ಎಂಜಿನಿಯರ್ ಸಾಹೇಬರವು, ಅವುಗಳ ಅಂಗಳದಲ್ಲಿ ಗುಲಾಬಿ ಇರುತ್ತಿತ್ತು. ನಡುವಿನ ಹಂಚಿನ ಮನೆಗಳಲ್ಲಿ ಕ್ಲಾರ್ಕುಗಳು. ಕೆಳಗೆ ಕಾಲುವೆಯ ಬದಿಗೆ ಉದ್ದಕ್ಕೂ ಒಂದೇ ತಗಡಿನ ಮಾಡು ಹೊದ್ದ ಸಾಲುಮನೆಗಳು ನಮ್ಮಂಥವರವು. ಮೇಲಿನವರಿಗೆ ನಳದಲ್ಲಿ ದಿನವಿಡೀ ನೀರು, ನಮಗೆ ಬೆಳಿಗ್ಗೆ ಒಂದು ತಾಸು. ಇಷ್ಟು ದೊಡ್ಡ ಡ್ಯಾಮಿನ ಬುಡದಲ್ಲಿ ಕೂತು ಕೊಡ ಹಿಡಿದು ಪಾಳಿ ಹಚ್ಚುವ ಹಣೆಬರಹ ನೋಡ್ರಿ ಎಂದು ನನ್ನವ್ವ ದಿನಾ ಬೈಯುತ್ತಿದ್ದಳು. ಮನೆಯಲ್ಲಿ ಎರಡೇ ಕೋಣೆ. ಒಳಗಿನದರಲ್ಲಿ ಒಲೆ, ರೊಟ್ಟಿ ಬಡಿಯುವ ಕಲ್ಲು, ದೇವರ ಗೂಡು. ಹೊರಗಿನದರಲ್ಲಿ ನಾವು ನಾಲ್ವರು: ಅಪ್ಪ, ಅವ್ವ, ನಾನು ಮತ್ತು ಅಪ್ಪನ ತಾಯಿ. ಆಕೆಯನ್ನು ನಾನು ಆಯಿ ಎನ್ನುತ್ತಿದ್ದೆ. ಆಯಿ ನಮ್ಮ ಹಳ್ಳಿ ತುಕ್ಕಾನಟ್ಟಿಯ ಕುರಿಗಳನ್ನು ದೊಡ್ಡ ಮಗನ ಪಾಲಿಗೆ ಬಿಟ್ಟು ಒಂದು ಕರಿ ಕಂಬಳಿಯೊಂದಿಗೆ ನಮ್ಮಲ್ಲಿಗೆ ಬಂದಿದ್ದಳು. ಗಾದಿ ಹಾಸಿಕೊಟ್ಟರೂ ಆ ಕಂಬಳಿ ಬಿಟ್ಟು ಮಲಗುತ್ತಿರಲಿಲ್ಲ.

ಅಪ್ಪನದು ಗೇಟಿನ ಮೇಲಿನ ಕೆಲಸ. ಡ್ಯಾಮಿನ ಗೇಟುಗಳ ಸರಪಳಿಗೆ ಗ್ರೀಸ್ ಹಚ್ಚುವುದು, ನೀರು ಬಿಡುವ ಮೊದಲು ಎಚ್ಚರಿಕೆಯ ಭೋಂಗಾ ಊದಿಸುವುದು, ಸಾಹೇಬರು ಹೇಳಿದಷ್ಟು ಅಡಿ ಗೇಟು ಎತ್ತುವುದು. ಖಾಕಿ ಅಂಗಿ, ಖಾಕಿ ಪ್ಯಾಂಟು. ಸಂಜೆ ಬಂದವನೇ ಬೂದಿಯಲ್ಲಿ ಕೈ ತಿಕ್ಕಿ ತಿಕ್ಕಿ ತೊಳೆದು ಊಟಕ್ಕೆ ಕೂಡುತ್ತಿದ್ದ. ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಮೊದಲ ತುತ್ತನ್ನು ನನ್ನ ಬಾಯಿಗಿಟ್ಟು ತಾನು ಉಣ್ಣುವುದು ಅವನ ರೂಢಿ. ಎಷ್ಟು ತೊಳೆದರೂ ಆ ತುತ್ತಿಗೆ ಗ್ರೀಸಿನ ವಾಸನೆ ಇದ್ದೇ ಇರುತ್ತಿತ್ತು. ನನಗೆ ಆಗ ಅದು ವಾಸನೆ ಅಂತಲೇ ಗೊತ್ತಿರಲಿಲ್ಲ. ಮಳೆಗಾಲದಲ್ಲಿ ಡ್ಯಾಮು ತುಂಬಿದ ದಿನ ಸಾಹೇಬರು ಕುಟುಂಬ ಸಮೇತ ಬಂದು ನೀರಿಗೆ ಬಾಗಿನ ಬಿಟ್ಟು ಕಾಯಿ ಒಡೆಯುತ್ತಿದ್ದರು. ಅದರಲ್ಲೊಂದು ಹೋಳು ಅಪ್ಪನ ಪಾಲಿಗೆ. ಅವನು ಅದನ್ನು ಮನೆಗೆ ತಂದು ದೇವರ ಮುಂದಿಟ್ಟು, ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಕಾಲುವೆ ತೋರಿಸುತ್ತಿದ್ದ.

“ನೋಡ ಯವ್ವಾ, ಈ ನೀರ ಗೋಕಾಕಕ್ಕ ಹೊಂಟೈತಿ, ಮೂಡಲಗಿಗೆ ಹೊಂಟೈತಿ. ನಿಮ್ಮಪ್ಪ ಬಿಟ್ಟಾನ.”

ನಮ್ಮಪ್ಪ ನೀರು ಬಿಡುವವನು ಎಂದು ಇಡೀ ಕಾಲನಿಗೆ ಡಂಗುರ ಹೊಡೆಯುತ್ತಿದ್ದೆ. ಅಷ್ಟು ಹೆಮ್ಮೆ ನನಗಿತ್ತು. ಅದನ್ನು ಯಾರೂ ನನ್ನಿಂದ ಕಿತ್ತುಕೊಳ್ಳಲಿಲ್ಲ, ನಾನೇ ಕಳಚಿಟ್ಟೆ. ಈ ಅಧ್ಯಾಯ ಅದರ ಕಥೆ.

ಐದನೆಯ ತರಗತಿಯವರೆಗೆ ನಾನು ಕಾಲನಿಯ ಸರಕಾರಿ ಸಾಲಿಯಲ್ಲಿ ಕಲಿತೆ. ಎಂಜಿನಿಯರ್ ಸಾಹೇಬರ ಮಕ್ಕಳು ಬೆಳಗಾವಿಯಲ್ಲಿದ್ದರು. ಅವ್ವ ಸಾಹೇಬರ ಮನೆಗೆ ಹಬ್ಬಕ್ಕೆ ರೊಟ್ಟಿ ಬಡಿಯಲು ಹೋಗುತ್ತಿದ್ದಳು. ಆ ಸಲುಗೆಯಲ್ಲಿ ಸಾಹೇಬರ ಹೆಂಡತಿ ನನ್ನ ಅಭ್ಯಾಸದ ಹುರುಪು ಕಂಡು ಗಂಡನಿಂದ ಒಂದು ಚೀಟಿ ಬರೆಸಿ ಕೊಟ್ಟರು. ಆ ಚೀಟಿಯ ಮೇಲೆ ನನಗೆ ಗೋಕಾಕಿನ ಇಂಗ್ಲಿಷ್ ಸಾಲಿಯಲ್ಲಿ ಸೀಟು ಸಿಕ್ಕಿತು. ಕೆಂಪು ಟೈ, ಕರಿ ಬೂಟು, ಎದೆಯ ಮೇಲೆ ಸಾಲಿಯ ಗುರುತು. ಮೊದಲ ದಿನ ಆಯಿ ದೃಷ್ಟಿ ತೆಗೆದು, ಟೈ ಎಳೆದು ನೋಡಿ ಕೇಳಿದಳು.

“ಇದ್ಯಾಕ, ಕುರಿ ಕೊಳ್ಳಾಗ ಹಗ್ಗಾ ಕಟ್ಟಿದಂಗ ಕಟ್ಟ್ಯಾರ?”

ನಾವೆಲ್ಲ ನಕ್ಕೆವು. ಆ ಮನೆಯಲ್ಲಿ ನಾವು ಕೂಡಿ ಮನಸಾರೆ ನಕ್ಕದ್ದು ಅದೇ ಕೊನೆಯ ಸಲ ಎಂದು ನನಗೆ ಅನಿಸುತ್ತದೆ. ನೆನಪು ಮೋಸ ಮಾಡುತ್ತಿರಲೂಬಹುದು.

ಹಿಡಕಲ್ಲಿನಲ್ಲಿ ಒಂದು ಮಾತಿನ ರೂಢಿಯಿತ್ತು. ಡ್ಯಾಮಿನಲ್ಲಿ ಯಾವ ಕೆಲಸದಲ್ಲಿದ್ದರೂ, ಸಾಹೇಬನಿರಲಿ ಕಸ ಗುಡಿಸುವವನಿರಲಿ, ‘ಡ್ಯಾಮಿನ ಮ್ಯಾಲ ಅದಾರ’ ಎಂದೇ ಹೇಳುತ್ತಿದ್ದರು. ಹೊಸ ಸಾಲಿಯಲ್ಲಿ ಟೀಚರು ಒಬ್ಬೊಬ್ಬರನ್ನೇ ನಿಲ್ಲಿಸಿ ಹೆಸರು, ತಂದೆಯ ಉದ್ಯೋಗ ಕೇಳಿದರು. ನನ್ನ ಹೆಸರು ಮಾಳವ್ವ. ಟೀಚರು ಅದನ್ನು ಅಲ್ಲೇ ಕತ್ತರಿಸಿ ಮಾಲಾ ಮಾಡಿದರು. ಅಪ್ಪನ ಬಗ್ಗೆ ಕೇಳಿದಾಗ ನಾನು ನಮ್ಮ ರೂಢಿಯಂತೆ, “ಡ್ಯಾಮಿನ ಮ್ಯಾಲ ಅದಾರ್ರಿ” ಎಂದೆ. “ಓ, ಎಂಜಿನಿಯರಾ?” ಎಂದರು ಟೀಚರು. ಇಡೀ ಕ್ಲಾಸು ತಿರುಗಿ ನೋಡಿತು. ನಾನು ಹೌದು ಎನ್ನಲಿಲ್ಲ. ಅಲ್ಲ ಎಂದೂ ಅನ್ನಲಿಲ್ಲ. ಕೂತುಬಿಟ್ಟೆ. ಮಾತು ಬಾರದ ಹುಡುಗಿ ಹೆದರಿ ಸುಮ್ಮನಿದ್ದಳು ಎಂದು ಎಷ್ಟೋ ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಖರೆ ಹೇಳಬೇಕೆಂದರೆ ಆ ಕ್ಷಣ ನನಗೆ ಭಾಳ ಹಿತವಾಗಿತ್ತು.

ಆ ಸಾಲಿಯ ಹುಡುಗಿಯರಲ್ಲಿ ಒಂದು ಲೆಕ್ಕವಿತ್ತು. ಯಾರು ಕಾರಿನಲ್ಲಿ ಬರುತ್ತಾರೆ, ಯಾರು ಬಸ್ಸಿನಲ್ಲಿ. ಯಾರ ಡಬ್ಬಿಯಲ್ಲಿ ಬ್ರೆಡ್ಡು, ಯಾರ ಡಬ್ಬಿಯಲ್ಲಿ ರೊಟ್ಟಿ. ಮೊದಲು ಯಾವ ಸಾಲಿಯಲ್ಲಿದ್ದರು. ಸರಕಾರಿ ಸಾಲಿಯಿಂದ ಬಂದವಳ ಪಕ್ಕ ಕೂತರೆ ಕೂತವಳ ಕಿಮ್ಮತ್ತು ಇಳಿಯುತ್ತಿತ್ತು. ಲೆಕ್ಕ ಇಡುವವಳು ಪಲ್ಲವಿ. ಅವಳ ತಂದೆಗೆ ಮೂಡಲಗಿ ಪೇಟೆಯಲ್ಲಿ ಬೆಲ್ಲದ ದೊಡ್ಡ ಅಂಗಡಿ, ಅವಳು ಗೋಕಾಕಿನಲ್ಲಿ ಸೋದರಮಾವನ ಮನೆಯಲ್ಲಿದ್ದಳು. ಕೆಟ್ಟವಳೇನಲ್ಲ, ಕೈ ಧಾರಾಳ. ತನ್ನ ಸರೀಕರೆಂದು ಒಪ್ಪಿದವರಿಗೆ ಜೀವ ಕೊಡುತ್ತಿದ್ದಳು. ಎಂಜಿನಿಯರ್ ಮಗಳೆಂದು ನನ್ನನ್ನು ಬಾಜೂ ಕೂರಿಸಿಕೊಂಡಳು. ಬಸ್ಸಿನಲ್ಲಿ ಯಾಕೆ ಬರುತ್ತೀ ಎಂದು ಒಮ್ಮೆ ಕೇಳಿದಾಗ, ಸರಕಾರಿ ಜೀಪನ್ನು ಮನೆಯವರಿಗೆ ಬಳಸಬಾರದು ಎಂದು ನಮ್ಮ ಡ್ಯಾಡಿಯ ಕಟ್ಟುನಿಟ್ಟು ಎಂದುಬಿಟ್ಟೆ. ನನ್ನ ಸುಳ್ಳಿನಲ್ಲಿ ಅಪ್ಪ ಎಂಜಿನಿಯರಷ್ಟೇ ಅಲ್ಲ, ಪ್ರಾಮಾಣಿಕ ಎಂಜಿನಿಯರ್ ಆದ.

ಬಸ್ಸಿನಲ್ಲಿ ಕಸ್ತೂರಿ ಬರುತ್ತಿದ್ದಳು. ನಮ್ಮ ಸಾಲುಮನೆಯವಳೇ, ನನ್ನ ಜೊತೆ ಕೆಸರಿನಲ್ಲಿ ಮನೆ ಕಟ್ಟಿ ಆಡಿದವಳು. ಅವಳು ಗೋಕಾಕಿನ ಸರಕಾರಿ ಸಾಲಿಗೆ ಸೇರಿದ್ದಳು.

“ಮಾಳಿ, ಬಾ ಇಲ್ಲೆ, ಜಾಗಾ ಹಿಡದೇನಿ,” ಎಂದು ದಿನಾ ಕೂಗುತ್ತಿದ್ದಳು.

ನಾನು ನಿಂತೇ ಹೋಗುತ್ತಿದ್ದೆ. ಆ ಬಸ್ಸಿನಲ್ಲಿ ನಮ್ಮ ಸಾಲಿಯವರು ಒಬ್ಬರೂ ಇರುತ್ತಿರಲಿಲ್ಲ, ನೋಡುವವರಿಲ್ಲ, ಕೇಳುವವರಿಲ್ಲ. ಆದರೂ ಅವಳ ನೀಲಿ ಲಂಗದ ಪಕ್ಕ ನನ್ನ ಟೈ ಕೂಡಲು ಒಪ್ಪಲಿಲ್ಲ. ನಾಲ್ಕು ದಿನ ಕೂಗಿದಳು. ಐದನೆಯ ದಿನ ಆ ಜಾಗದಲ್ಲಿ ತನ್ನ ಪಾಟಿಚೀಲ ಇಟ್ಟುಕೊಂಡಳು. ಮನೆಯಲ್ಲೂ ನನ್ನ ದಿಮಾಕು ಏರಿತು. ಆಯಿಯ ಕಂಬಳಿ ನಾರುತ್ತದೆ ಎಂದೆ, ರೊಟ್ಟಿ ಒಯ್ಯುವುದಿಲ್ಲ ಎಂದೆ. ಒಂದು ಸಂಜೆ ಅಪ್ಪ ತುತ್ತು ಮುಂದೆ ಮಾಡಿದಾಗ ಮುಖ ತಿರುಗಿಸಿದೆ. ಅವನು ಕೈ ಮೂಸಿ ನೋಡಿಕೊಂಡು ಎದ್ದು ಮತ್ತೊಮ್ಮೆ ಕೈ ತೊಳೆದು ಬಂದ. ಅಷ್ಟರಲ್ಲಿ ನಾನು ಉಂಡು ಎದ್ದಿದ್ದೆ.

ಆ ವರ್ಷದ ನಾಗರಪಂಚಮಿಗೆ ಅವ್ವ ನಾಲ್ಕು ನಮೂನೆಯ ಉಂಡಿ ಕಟ್ಟಿದಳು: ಎಳ್ಳು, ಶೇಂಗಾ, ರವೆ, ಬುಂದೆ. ಮರುದಿನ ಗೆಳತಿಯರಿಗೆಂದು ಡಬ್ಬಿ ತುಂಬಿ ಕೊಟ್ಟಳು. ಎಳ್ಳುಂಡಿ, ಶೇಂಗಾ ಉಂಡಿ ಹಳ್ಳಿಯವರ ತಿನಿಸು ಎಂದು ಪಲ್ಲವಿ ಆಡಿಕೊಂಡರೆ? ಡಬ್ಬಿಯನ್ನು ಜೋಳದ ಚೀಲದ ಹಿಂದೆ ಸರಿಸಿ ಬಸ್ಸು ಹತ್ತಿದೆ. ಅಪ್ಪನ ಕಣ್ಣಿಗೆ ಬಿತ್ತು. ಮಗಳು ಮರೆತು ಹೋದಳು ಎಂದುಕೊಂಡ. ಬಚ್ಚಿಟ್ಟು ಹೋದಳು ಎಂದು ಅವನಿಗೆ ಹೊಳೆಯುವುದಾದರೂ ಹೇಗೆ? ಪಾಳಿ ಮುಗಿಸಿದವನು ಬಟ್ಟೆ ಸಹ ಬದಲಿಸದೆ, ಅದೇ ಗ್ರೀಸಿನ ಖಾಕಿಯಲ್ಲಿ ಗೋಕಾಕದ ಬಸ್ಸು ಹಿಡಿದ.

ಮಧ್ಯಾಹ್ನದ ಊಟದ ಸೂಟಿ. ನಾನು ಮತ್ತು ಪಲ್ಲವಿ ಗೇಟಿನ ಹತ್ತಿರದ ಬೇವಿನ ಗಿಡದ ಕೆಳಗಿದ್ದೆವು. ಅಪ್ಪ ಗೇಟಿನ ಸರಳು ಹಿಡಿದು ಒಳಗೆ ಹುಡುಕುತ್ತಿದ್ದ. ನನ್ನನ್ನು ಕಂಡು ಮುಖ ಅರಳಿತು, ಬಾಯಿ ತೆರೆದ. ಅವನು ಕೂಗುವುದರೊಳಗೆ ಪಲ್ಲವಿ ಅವನ ಖಾಕಿ ನೋಡಿ ಮುಂದೆ ಹೋಗಿದ್ದಳು.

“ಏ, ಯಾರ ಬೇಕ ನಿನಗ? ಡ್ಯಾಮಿನಿಂದ ಬಂದೀಯೇನ? ಮಾಲಾ, ನಿಮ್ಮ ಡ್ಯಾಡಿ ಆಳ ಕಳಿಸ್ಯಾರ ನೋಡ!”

ಅಪ್ಪ ನನ್ನನ್ನು ನೋಡಿದ. ನಾನು ನೆಲ ನೋಡಿದೆ. ಎಷ್ಟು ಹೊತ್ತು ಎಂದು ಕೇಳಿದರೆ ಹೇಳಲಾರೆ, ಒಂದು ಉಸಿರಿನಷ್ಟು ಇದ್ದೀತು. ಅಷ್ಟರಲ್ಲಿ ನಮ್ಮಪ್ಪನಿಗೆ ಎಲ್ಲ ತಿಳಿಯಿತು. ಅವನು ಮೈ ತುಸು ಬಗ್ಗಿಸಿ, ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದ.

“ಹೌದ್ರಿ. ಸಾಹೇಬ್ರ ಕಳಿಸ್ಯಾರ್ರಿ.” ಆಮೇಲೆ ನನ್ನ ಕಡೆ ತಿರುಗಿ, “ತೊಗೊಳ್ರಿ ಅಕ್ಕಾರ. ಮನ್ಯಾಗ ಮರತ ಬಂದಿದ್ರಿ,” ಎಂದ.

ಹೆತ್ತ ಅಪ್ಪ ನನಗೆ ರಿ ಹಚ್ಚಿ ಮಾತಾಡಿದ. ನಮ್ಮ ಕಡೆ ಹಿರಿಯರಿಗೆ, ಪರರಿಗೆ, ದೊಡ್ಡವರಿಗೆ ಹಚ್ಚುವ ರಿ ಅದು. ನಾನು ಡಬ್ಬಿ ಇಸಿದುಕೊಂಡು, “ಆತು, ಹೋಗ ನೀ,” ಎಂದೆ. ಮನೆಯಲ್ಲೂ ನಾನು ಅಪ್ಪನಿಗೆ ನೀ ಎಂದೇ ಅನ್ನುತ್ತಿದ್ದೆ, ಕೊರಳಿಗೆ ಜೋತುಬಿದ್ದು ಅನ್ನುತ್ತಿದ್ದೆ. ಇದು ಆ ನೀ ಅಲ್ಲ ಎಂದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. “ಹೂನ್ರಿ,” ಎಂದು ಹೊರಟ. ಪಲ್ಲವಿ ಎಳ್ಳುಂಡಿ ಎರಡು ತಿಂದು, ನಿಮ್ಮ ಮನೀ ಅಡಗೀಯಾಕಿ ಕೈ ಭಾಳ ರುಚಿ ಐತಿ ಬಿಡ ಎಂದಳು. ಥೂ ನನ್ನ ಜನ್ಮಕ್ಕೆ! ನಾನೂ ಹೂಂ ಎಂದೆ.

ಸಂಜೆ ಮನೆಗೆ ಕಾಲೆಳೆಯುತ್ತ ಹೋದೆ. ಬೈಯುತ್ತಾನೆ, ಹೊಡೆಯುತ್ತಾನೆ, ಹೊಡೆದರೆ ಹೊಡೆಯಲಿ, ಅತ್ತು ಮುಗಿಸಿಬಿಡೋಣ ಎಂದು ತಯಾರಾಗಿದ್ದೆ. ಅಪ್ಪ ಹೊಸ್ತಿಲ ಮೇಲೆ ಕೂತು ಆಯಿಯ ಕಾಲು ಒತ್ತುತ್ತಿದ್ದ. ಅವ್ವ ಒಳಗಿನಿಂದ ಕೇಳಿದಳು.

“ಉಂಡಿ ಕೊಟ್ಟ ಬಂದ್ರಿ? ಏನಂದ್ಲ?”

“ಏನಂತಾಳ, ಖುಷಿ ಆದ್ಲ. ಗೆಳತ್ಯಾರೂ ತಿಂದ್ರ. ಭಾಳ ಛಲೋ ಹುಡಿಗ್ಯಾರ.”

ನನ್ನ ಕಡೆ ನೋಡಲಿಲ್ಲ. ಆ ರಾತ್ರಿಯ ಊಟದಲ್ಲಿ ಅವನು ತುತ್ತು ನನ್ನ ಮುಂದೆ ಹಿಡಿಯಲೂ ಇಲ್ಲ.

ಅಲ್ಲಿಂದ ಅಪ್ಪನಿಗೆ ಅದು ಇನ್ನೊಂದು ಪಾಳಿಯಾಯಿತು. ಮಳೆ ಬಂತೆಂದು ಛತ್ರಿ ತರುತ್ತಿದ್ದ, ಜ್ವರವೆಂದರೆ ಗುಳಿಗೆ ತರುತ್ತಿದ್ದ. ಗೇಟಿನಲ್ಲಿ ನಿಂತು, ಸಾಹೇಬ್ರ ಕಳಿಸ್ಯಾರ್ರಿ. ಪಲ್ಲವಿಗೆ ಅವನ ಗುರುತು ಹತ್ತಿತು. ಏ ಮಾಮಾ, ಅಂಗಡಿಯಿಂದ ಒಂದು ಪೆನ್ನಿನ ರಿಫಿಲ್ ತಂದುಕೊಡು ಎಂದು ಒಮ್ಮೆ ಅವನನ್ನು ಓಡಿಸಿದಳು. ಬಿಸಿಲಿನಲ್ಲಿ ಹೋಗಿ ತಂದುಕೊಟ್ಟ. ಚಿಲ್ಲರೆ ನೀನೇ ಇಟ್ಟುಕೋ ಎಂದಳು. ಅದಕ್ಕೂ ಕೈ ಮುಗಿದ. ನಾನು ಅಲ್ಲೇ ಇದ್ದೆ, ಪುಸ್ತಕದಲ್ಲಿ ಮುಖ ಹುದುಗಿಸಿಕೊಂಡು.

ಅವ್ವನಿಗೆ ಗೊತ್ತಾದದ್ದು ಸಾಲಿಯ ಗ್ಯಾದರಿಂಗಿನ, ಅಂದರೆ ವಾರ್ಷಿಕೋತ್ಸವದ ದಿನ. ನನಗೆ ಭಾಷಣಕ್ಕೆ ಬಹುಮಾನ ಬಂದಿತ್ತು, ತಂದೆತಾಯಿ ಬರಬೇಕೆಂದು ಚೀಟಿ ಬಂದಿತ್ತು. ಅವ್ವ ಮುಂಜಾನೆಯೇ ತಲೆ ಬಾಚಿ, ಇಳಕಲ್ಲ ಸೀರೆ ಉಟ್ಟು, ಮೂಗಿಗೆ ನತ್ತು ಇಟ್ಟು ಹೊರ ಕೋಣೆಯಲ್ಲಿ ಕೂತಳು. ಅಪ್ಪ ಖಾಕಿಯಲ್ಲೇ ಇದ್ದ, ಡ್ಯೂಟಿ ಐತಿ ಎಂದ. ರಜೆ ಹಾಕಿದ್ದೀರಿ ಎಂದು ನನಗೆ ಗೊತ್ತೈತಿ ಎಂದಳು ಅವ್ವ. ಬಸ್ಸು ಇಲ್ಲ ಎಂದ. ಹಾಗಾದರೆ ನಾನೊಬ್ಬಳೇ ನಡಕೊಂತ ಹೋಗ್ತೀನಿ ಎಂದಳು. ಕಡೆಗೆ ಅಪ್ಪ ಸೋತು, ಗೋಡೆಗೆ ಒರಗಿ, ಎಲ್ಲವನ್ನೂ ಹೇಳಿದ. ತಪ್ಪು ತನ್ನದು ಎಂಬಂತೆ ಹೇಳಿದ. ಅವ್ವ ನನ್ನ ಕಡೆ ಹೊರಳಲೂ ಇಲ್ಲ, ಅವನ ಮೇಲೇ ಹರಿಹಾಯ್ದಳು.

“ಆಕಿ ಕೂಸು, ಬುದ್ಧಿ ಇಲ್ಲ. ನೀವರ ಯಾಕ ಒಪ್ಪಿದ್ರಿ? ನಾಲಿಗಿ ಹೆಂಗ ಹೊಳ್ಳಿತ ನಿಮಗ?”

“ನಾ ಅಪ್ಪ ಅಂದಿದ್ರ ನಾಳಿಂದ ಆಕಿ ಯಾರ ಕೂಡ ಕುಂದರತಿದ್ಲ? ನಂದೇನ ಹೋತ? ದಿನಾ ಸಾಹೇಬ್ರಿಗೆ ಹತ್ತ ಸರತಿ ರಿ ಅಂತೇನಿ. ಮಗಳಿಗೆ ಒಂದ ಸರತಿ ಅಂದ್ರ ಸವೀತೇನ?”

“ಸವೀತೈತ್ರಿ,” ಎಂದಳು ಅವ್ವ. “ನೋಡಕೊಂತ ಇರ್ರಿ, ಹೆಂಗ ಸವೀತೈತಿ.”

ಎದ್ದು ಸೀರೆ ಬದಲಿಸಿ, ರೊಟ್ಟಿ ಬಡಿಯಲು ಕೂತಳು. ಆ ಬಡಿತ ಇಡೀ ಸಾಲುಮನೆಗೆ ಕೇಳಿಸಿರಬೇಕು. ಬಹುಮಾನಕ್ಕೆ ನಾನೊಬ್ಬಳೇ ಹೋದೆ. ಮರುದಿನದಿಂದ ಅವ್ವ ನನ್ನನ್ನು, ದೊಡ್ಡ ಮನೆಯ ಹೆಂಗಸರನ್ನು ಕರೆಯುವಂತೆ, ಬಾಯಾರ ಎನ್ನತೊಡಗಿದಳು. ಏಳ್ರಿ ಬಾಯಾರ, ಜಳಕಾ ಮಾಡ್ರಿ ಬಾಯಾರ, ಬಡವರ ಮನೀ ರೊಟ್ಟಿ ನಿಮಗ ನಡೀತೈತಿಲ್ರಿ? ಮೂರು ದಿನ ಹೀಗೆ ಚುಚ್ಚಿದಳು. ಮೂರನೆಯ ದಿನ ನಾನು ಅವಳ ಕಾಲಿಗೆ ಬಿದ್ದು ಹೋ ಎಂದು ಅತ್ತೆ, ಅವಳೂ ಅತ್ತು ನನ್ನ ಬೆನ್ನಿಗೆ ನಾಲ್ಕು ಗುದ್ದಿ ಅಪ್ಪಿಕೊಂಡಳು. ಅವ್ವನ ರಿ ಸಿಟ್ಟಿನದು, ಕರಗಿತು. ಅಪ್ಪನದು ಪ್ರೀತಿಯದು. ಅದಕ್ಕೇ ಕರಗಲಿಲ್ಲ. ಅವನ ಕಾಲಿಗೆ ಬೀಳುವ ಧೈರ್ಯ ನನಗೆ ಬರಲೇ ಇಲ್ಲ.

ಒಂದು ಭಾನುವಾರ ನಾವಿಬ್ಬರೇ ಕಾಲುವೆಯ ದಂಡೆ ಹಿಡಿದು ಬರುತ್ತಿದ್ದೆವು. ಸುತ್ತ ನರಪಿಳ್ಳೆ ಇಲ್ಲ. ಜಾರುವ ಜಾಗದಲ್ಲಿ ಅಪ್ಪ ತಿರುಗಿ ನೋಡಿ, “ಸಾವಕಾಶ ಬರ್ರಿ,” ಎಂದುಬಿಟ್ಟ. ಇಬ್ಬರೂ ನಿಂತೆವು. ಅವನು ನಕ್ಕ, ನಾಲಿಗೆ ಕಚ್ಚಿಕೊಂಡು, “ಚಟಾ ಬಿದ್ದೈತಿ ನೋಡ,” ಎಂದ. ನಾನೂ ನಕ್ಕೆ. ಆಮೇಲೆ ಮನೆ ಮುಟ್ಟುವವರೆಗೆ ಅವನು ಮುಂದೆ, ನಾನು ನಾಲ್ಕು ಹೆಜ್ಜೆ ಹಿಂದೆ.

ಹತ್ತನೆಯ ತರಗತಿ ಮುಗಿದ ದಿನ ನಾನು ಗಟ್ಟಿ ಮನಸ್ಸು ಮಾಡಿದ್ದೆ. ಅಪ್ಪ ಕರೆದೊಯ್ಯಲು ಬರುತ್ತಾನೆ, ಎಲ್ಲರ ಎದುರು ಇವರು ನಮ್ಮಪ್ಪ ಎಂದು ಹೇಳಿಯೇ ತೀರುತ್ತೇನೆ. ಅವ್ವನ ಜುಲುಮೆಯಿಂದ ಅವನು ಅಂದು ಬಿಳಿ ಧೋತರ ಉಟ್ಟು, ತಲೆಗೆ ಪಟಕಾ ಸುತ್ತಿ ಬಂದಿದ್ದ. ಖಾಕಿ ಇಲ್ಲದ ಅಪ್ಪ ಎಷ್ಟು ಚೆಂದ ಕಾಣುತ್ತಿದ್ದ! ಪಲ್ಲವಿ ನನ್ನ ಕೊರಳಿಗೆ ಬಿದ್ದು ಅಳುತ್ತಿದ್ದಳು. ನಾನು ಅವಳನ್ನು ಬಿಡಿಸಿಕೊಂಡು, “ಪಲ್ಲವಿ, ಇವರು…” ಎಂದೆ. ಅಷ್ಟರಲ್ಲಿ ಅಪ್ಪ ಎರಡು ಹೆಜ್ಜೆ ದೂರವೇ ನಿಂತು ಕೂಗಿದ.

“ಲಗೂನ ಬರ್ರಿ ಅಕ್ಕಾರ, ಸಾಹೇಬ್ರ ಕಾಯಾಕತ್ಯಾರ.”

ನಾನು ಹೇಳಲಿದ್ದೆ, ಅಪ್ಪನೇ ತಡೆದ ಎಂದು ಬಹಳ ಕಾಲ ಅವನ ಮೇಲೆ ಹಾಕಿದೆ. ಎಂಥ ಭಂಡತನ. ಅವನು ತಡೆದದ್ದು ಒಂದು ಮಾತನ್ನು. ಎರಡನೆಯ ಮಾತು ಆಡಲು ನನಗೆ ಯಾರ ಅಡ್ಡಿಯೂ ಇರಲಿಲ್ಲ. ಬಸ್ಸಿನ ತನಕ ಪಲ್ಲವಿ ನಮ್ಮ ಜೊತೆಯೇ ನಡೆದು ಬಂದಳು. ನನ್ನ ಚೀಲ ಅಪ್ಪನ ತಲೆಯ ಮೇಲಿತ್ತು.

ಆಮೇಲೆ ನಾನು ಕಲಿತೆ, ಹುಕ್ಕೇರಿಯ ಕಾಲೇಜಿನಲ್ಲಿ ಕಲಿಸುವವಳಾದೆ, ಮದುವೆಯಾದೆ. ಅಪ್ಪ ನಿವೃತ್ತನಾಗಿ ನನ್ನ ಮನೆಯಲ್ಲೇ ಹನ್ನೊಂದು ವರ್ಷ ಇದ್ದ. ಒಮ್ಮೆಯೂ ಆ ಮಾತು ಎತ್ತಲಿಲ್ಲ. ನಾನು ಎತ್ತಿದಾಗ, ಬಿಡ ಯವ್ವಾ, ಹಳೇದ ಎಂದು ಪೇಪರು ಹಿಡಿಯುತ್ತಿದ್ದ. ಹೋದ ವರ್ಷ ತೀರಿಕೊಂಡ. ಕ್ಷಮೆ ಕೇಳಲು ಹನ್ನೊಂದು ವರ್ಷವಿತ್ತು, ನಾನು ಪೇಪರಿನ ಈ ಕಡೆ ಕೂತೇ ಕಳೆದೆ.

ಈ ಬೇಸಿಗೆಯಲ್ಲಿ ಮೂಡಲಗಿಯಲ್ಲೊಂದು ಮದುವೆಗೆ ಅವ್ವನನ್ನು ಕರೆದುಕೊಂಡು ಹೋಗಿದ್ದೆ. ಊಟದ ಸಾಲಿನಲ್ಲಿ ನನ್ನ ಎಡಗಡೆ ಅವ್ವ, ಬಲಗಡೆ ಬಂದು ಕೂತವಳು ಪಲ್ಲವಿ. ಕೂದಲು ನೆರೆತಿದೆ, ನಗು ಅದೇ. ಭಾಳ ಖುಷಿಪಟ್ಟಳು. ನಮ್ಮ ತಾಯಿ ಎಂದು ಪರಿಚಯ ಹೇಳಿದೆ. ಅವ್ವನಿಗೆ ಕೈ ಮುಗಿದವಳು ಅವಳ ಬರಿಗೊರಳು ನೋಡಿ ದನಿ ತಗ್ಗಿಸಿದಳು.

“ಸಾಹೇಬ್ರ ಹೋದ್ರೇನ?”

“ಹೋದ್ರು,” ಎಂದೆ. “ಹೋದ ವರ್ಷ ತೀರಿಕೊಂಡ್ರು.”

“ಅಯ್ಯ, ಶಿವನ. ದೊಡ್ಡ ಮನಷ್ಯಾರು.” ಪಲ್ಲವಿ ಹೋಳಿಗೆ ಮುರಿಯುತ್ತ ಮತ್ತೆ ಕೇಳಿದಳು. “ಮಾಲಾ, ನಿಮ್ಮಲ್ಲೆ ಒಬ್ಬ ಆಳ ಇದ್ನಲ್ಲ, ಖಾಕಿ ಹಾಕ್ಕೊಂಡ ಬರತಿದ್ನಲ್ಲ? ಪಾಪ, ಬಾಯ್ತುಂಬ ರಿ ಅಂತಿದ್ದ. ಅಂವ ಅದಾನೇನ?”

ಈಗ ನನಗೆ ಐವತ್ತರ ಹತ್ತಿರ. ಸ್ವಂತ ಮನೆ, ಸ್ವಂತ ಪಗಾರ, ಸಾವಿರ ಮಕ್ಕಳ ಎದುರು ನಿಂತು ಸತ್ಯ ನುಡಿಯಿರಿ ಎಂದು ಹೇಳುವ ಬಾಯಿ. ಯಾರ ಪಕ್ಕದ ಜಾಗವೂ ನನಗೆ ಬೇಕಾಗಿಲ್ಲ. ಆ ಬಾಯಿ ತೆರೆಯಿತು.

“ಇಲ್ಲ,” ಎಂದೆ. “ಅವನೂ ತೀರಿಕೊಂಡ.”

ಎಡಗಡೆ ಅವ್ವನ ಕೈ ತಟ್ಟೆಯಲ್ಲಿ ನಿಂತಿತು. ಇಡೀ ಮಂಟಪಕ್ಕೆ ಕೇಳುವಂತೆ ಬೈಯುತ್ತಾಳೆ ಎಂದು ಕಾದೆ. ಬೈಯಲಿ, ದೇವರೇ, ಈಗಲಾದರೂ ಬೈದುಬಿಡಲಿ ಎಂದುಕೊಂಡೆ. ಬಾಳಿನುದ್ದಕ್ಕೂ ಅಪ್ಪನ ಹೆಸರು ಹೇಳದವಳು, ಎಷ್ಟು ಜಗಳವಾಡಿದರೂ ‘ಅವರು’ ಬಿಟ್ಟು ಮಾತಾಡದವಳು ನಮ್ಮವ್ವ. ಅವಳು ನನ್ನ ಆಚೆಗೆ ಬಾಗಿ ಪಲ್ಲವಿಯ ಮುಖ ನೋಡಿದಳು.

“ಹೌದ್ರಿ ಬಾಯಾರ,” ಎಂದಳು. “ನಮ್ಮನ್ಯಾಗ ಭಾಳ ವರ್ಷ ದುಡದ. ಛಲೋ ಮನಷ್ಯಾ ಇದ್ದ.”